ಓದುಗರ ಪ್ರಶ್ನೆ: ಆಟ ಹುಡುಗರದ್ದು, ಬಾವುಟ ಸರ್ಕಾರದ್ದು

ಹೋದ ಸಂಚಿಕೆಯಲ್ಲಿ ದಕ್ಷಿಣ ಕೊರಿಯಾ ಸರ್ಕಾರದ ಬಗ್ಗೆ ಎರಡು ಸಾಲು ಬರೆದಿದ್ದೆ. ಇ-ಸ್ಪೋರ್ಟ್ಸ್ ಅನ್ನು, ಅಂದರೆ ಟಿಕೆಟ್ ಇಟ್ಟು ಬಹುಮಾನ ಇಟ್ಟು ನಡೆಸುವ ವಿಡಿಯೋ ಗೇಮ್ ಪಂದ್ಯಗಳನ್ನು, ಹೊರದೇಶದಲ್ಲಿ ತನ್ನ ಹೆಸರು ಬೆಳೆಸೋಕೆ ಅದು ಚೆನ್ನಾಗಿ ಬಳಸಿಕೊಂಡಿದೆ ಅಂತ. ಅಷ್ಟಕ್ಕೇ ಪತ್ರಗಳು ರಾಶಿ ಬಿದ್ದಿವೆ. ಬೈಗುಳಗಳನ್ನು ಪಕ್ಕಕ್ಕಿಟ್ಟು ಉಳಿದವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಮೊಮ್ಮಗ ಮೊಬೈಲ್ ಹಿಡಿದರೆ ಮನೆಯಲ್ಲಿ ರಣರಂಗ ಆಗುತ್ತೆ. ಇಂಥ ಕಾಲದಲ್ಲಿ ಒಂದು ಸರ್ಕಾರ ಗೇಮ್ ಆಡಿಸೋದನ್ನೇ ನೀತಿ ಮಾಡಿಕೊಂಡಿದೆ ಅಂದ್ರೆ ನಂಬೋದು ಹೇಗೆ?
– ನಿವೃತ್ತ ಶಿಕ್ಷಕರು, ಶಿರಸಿ

ನೀತಿ ಮೊದಲು ಬರಲಿಲ್ಲ ಸಾರ್. ಯಾರೋ ಮಂತ್ರಿ ಕೂತು 'ಇನ್ನು ಮೇಲೆ ಗೇಮ್ ಆಡಿಸೋಣ, ದೇಶದ ಕೀರ್ತಿ ಬೆಳೆಯುತ್ತೆ' ಅಂತ ಕಡತಕ್ಕೆ ಸಹಿ ಹಾಕಿದ್ದಲ್ಲ. 1997ರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು. ಕೊರಿಯಾ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮುಂದೆ ಕೈಯೊಡ್ಡಬೇಕಾಯ್ತು. ಬ್ಯಾಂಕು, ಕಾರ್ಖಾನೆ, ಕಚೇರಿಗಳಿಂದ ಜನ ಗುಂಪುಗುಂಪಾಗಿ ಕೆಲಸ ಕಳೆದುಕೊಂಡರು. ಅದೇ ಹೊತ್ತಿಗೆ ಸರ್ಕಾರ ದೇಶದ ತುಂಬ ಬ್ರಾಡ್‌ಬ್ಯಾಂಡ್ ಹಾಕಿಸ್ತಾ ಇತ್ತು. ಗೇಮ್‌ಗೋಸ್ಕರ ಅಲ್ಲ, ಆರ್ಥಿಕತೆ ಮತ್ತೆ ಎದ್ದು ನಿಲ್ಲಲಿ ಅಂತ. ಕೆಲಸ ಹೋದವರಲ್ಲಿ ಎಷ್ಟೋ ಜನ ಕೈಯಲ್ಲಿದ್ದ ದುಡ್ಡು ಹಾಕಿ 'ಪಿಸಿ ಬಾಂಗ್' ತೆರೆದರು.

ಪಿಸಿ ಬಾಂಗ್ ಅಂದ್ರೆ ನಮ್ಮ ಸೈಬರ್ ಕೆಫೆಯ ಅಣ್ಣ. ಸಾಲುಸಾಲಾಗಿ ಒಳ್ಳೆ ಕಂಪ್ಯೂಟರು, ಒರಗಿ ಕೂರುವ ದೊಡ್ಡ ಕುರ್ಚಿ, ಗಂಟೆಗೆ ಅಲ್ಲಿನ ದುಡ್ಡಿನಲ್ಲಿ ಸಾವಿರ ವಾನ್ ಆಸುಪಾಸು ಬಾಡಿಗೆ. ಈಗಂತೂ ಆಟದ ಮಧ್ಯೆ ಅದೇ ಸ್ಕ್ರೀನ್ ಮೇಲೆ ಒತ್ತಿದರೆ ಬಿಸಿ ರಾಮೆನ್ ಬಟ್ಟಲು ಕುರ್ಚಿ ಹತ್ತಿರಕ್ಕೇ ಬರುತ್ತೆ. 1998ರಲ್ಲಿ ಅಮೆರಿಕದ ಬ್ಲಿಝಾರ್ಡ್ ಕಂಪನಿಯ ಗೇಮ್ ಸ್ಟಾರ್‌ಕ್ರಾಫ್ಟ್ ಬಂತು, ಈ ಅಂಗಡಿಗಳೆಲ್ಲ ತುಂಬಿಹೋದವು. ಅಂಗಡಿಯವರೇ ಸಣ್ಣಪುಟ್ಟ ಟೂರ್ನಿ ಇಟ್ಟರು. ಟಿವಿಯವರು ಬಂದು ತೋರಿಸಿದರು. ಜನ ನೋಡಿದರು. 2000ದಲ್ಲಿ ಗೇಮ್ ಪಂದ್ಯಕ್ಕೇ ಮೀಸಲಾದ ಚಾನೆಲ್ಲು ಶುರುವಾಯ್ತು. ಸಂಸ್ಕೃತಿ ಸಚಿವಾಲಯದ ಒಪ್ಪಿಗೆಯೊಂದಿಗೆ ಕೊರಿಯಾ ಇ-ಸ್ಪೋರ್ಟ್ಸ್ ಸಂಘವೂ ಅದೇ ವರ್ಷ ಹುಟ್ಟಿತು. 2004ರಲ್ಲಿ ಬುಸಾನ್ ನಗರದ ಗ್ವಾಂಗಲ್ಲಿ ಕಡಲತೀರದಲ್ಲಿ ಸ್ಟಾರ್‌ಕ್ರಾಫ್ಟ್ ಫೈನಲ್ ನೋಡೋಕೆ ಲಕ್ಷ ಜನ ಸೇರಿದ್ದರು ಅಂತ ಆಗ ವರದಿಯಾಗಿತ್ತು. ಇ-ಸ್ಪೋರ್ಟ್ಸ್ ಉತ್ತೇಜನಕ್ಕೆ ಅಂತಲೇ ಕಾಯ್ದೆ ಬಂದಿದ್ದು 2012ರಲ್ಲಿ. ಅಷ್ಟು ಹೊತ್ತಿಗೆ ಜಾತ್ರೆ ಕಟ್ಟಿ ಹತ್ತು ವರ್ಷದ ಮೇಲಾಗಿತ್ತು.

ಸರ್ಕಾರ ಹಿಂದಿನಿಂದ ಬಂತು, ಹಣ ಮತ್ತು ನಿಯಮ ತಂತು. ನನ್ನ ಪ್ರಕಾರ ಕೊರಿಯಾದ ಜಾಣತನ ಇರೋದೇ ಅಲ್ಲಿ.

ಸ್ಟಾರ್‌ಕ್ರಾಫ್ಟ್ ಅಮೆರಿಕದ್ದು. ಈಗ ಎಲ್ಲರೂ ಆಡುವ ಲೀಗ್ ಆಫ್ ಲೆಜೆಂಡ್ಸ್ ಕೂಡ ಅಮೆರಿಕದ್ದೇ. ಹಾಗಿದ್ದಮೇಲೆ ಇದರಲ್ಲಿ ಕೊರಿಯಾದ 'ಸಂಸ್ಕೃತಿ' ಎಲ್ಲಿ ಬಂತು?
– ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಬಂದ ಪ್ರಶ್ನೆಗಳಲ್ಲಿ ಅತಿ ಒಳ್ಳೆಯದು ಇದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ. ಲೀಗ್ ಆಫ್ ಲೆಜೆಂಡ್ಸ್ ಮಾಡಿದ ರಾಯಟ್ ಗೇಮ್ಸ್ ಇರೋದು ಲಾಸ್ ಏಂಜಲೀಸ್‌ನಲ್ಲಿ, ಅದರ ಒಡೆತನ ಚೀನಾದ ಟೆನ್ಸೆಂಟ್ ಕೈಯಲ್ಲಿ. ಅಂದ್ರೆ ಕೊರಿಯಾ ತನ್ನ ಮರ್ಯಾದೆಯನ್ನ ಅಮೆರಿಕನ್ನರು ಕಟ್ಟಿದ, ಚೀನೀಯರು ಕೊಂಡ ಮೈದಾನದಲ್ಲಿ ಗಳಿಸ್ತಾ ಇದೆ.

ಹಾಗಾದರೆ ಹೊರಗಿನವರಿಗೆ ಏನು ದಾಟುತ್ತೆ? ಆಡುವ ರೀತಿ ದಾಟುತ್ತೆ. ತಂಡದವರೆಲ್ಲ ಒಂದೇ ಮನೆಯಲ್ಲಿದ್ದು, ಅಡುಗೆಯವರು ಬಡಿಸಿದ್ದು ತಿಂದು, ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಭ್ಯಾಸ ಮಾಡೋದು, ಕೋಚ್ ಅಂದ್ರೆ ಮೇಷ್ಟ್ರ ಹಾಗೆ ಇರೋದು, ಇವೆಲ್ಲ ರಾಜಧಾನಿ ಸೋಲ್‌ನಿಂದ ಜಗತ್ತಿಗೆ ಹಬ್ಬಿದ ಪದ್ಧತಿಗಳು. ಚೀನಾ, ಅಮೆರಿಕ, ಯುರೋಪಿನ ತಂಡಗಳಲ್ಲಿ ಕೊರಿಯಾದ ಆಟಗಾರರು, ಕೋಚ್‌ಗಳು ವರ್ಷಗಟ್ಟಲೆಯಿಂದ ಇದ್ದಾರೆ. ಆಟದ ಗೀಳು ಹತ್ತಿದ ಹೊರಗಿನ ಹುಡುಗರು ಸೋಲ್‌ಗೆ ಹೋಗೋದೂ ಉಂಟು. ಕೆನಡಾದ ಗಿಯೋಮ್ ಪಾತ್ರಿ ಅನ್ನೋ ಹುಡುಗ ಸ್ಟಾರ್‌ಕ್ರಾಫ್ಟ್ ಆಡೋಕೆ ಅಂತ ಆ ಕಾಲದಲ್ಲೇ ಕೊರಿಯಾಕ್ಕೆ ಹೋದವನು, ಅಲ್ಲೇ ಉಳಿದ, ಭಾಷೆ ಕಲಿತ, ಕೊನೆಗೆ ಅಲ್ಲಿನ ಟಿವಿ ಚರ್ಚೆಗಳಲ್ಲಿ ಕೊರಿಯನ್ ಭಾಷೆಯಲ್ಲೇ ವಾದ ಮಾಡುವಷ್ಟು ಊರಿನವನಾಗಿಬಿಟ್ಟ. ಒಂದು ರಾಯಭಾರ ಕಚೇರಿ ಕರಪತ್ರ ಹಂಚಿ ಇಂಥ ಒಬ್ಬನನ್ನ ಸಂಪಾದಿಸೋಕೆ ಆಗುತ್ತಾ?

ಇದರ ಉಲ್ಟಾ ದಿಕ್ಕಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ರಾಯಟ್ ಕಂಪನಿ 2011ರಲ್ಲಿ ಕೊರಿಯಾಕ್ಕೆ ಕಾಲಿಡುವಾಗ ಅಲ್ಲಿನ ಜನಪದ ಕಥೆಯ ಒಂಬತ್ತು ಬಾಲದ ನರಿಯನ್ನ ಆಧರಿಸಿ 'ಆರಿ' ಅನ್ನೋ ಹೊಸ ಪಾತ್ರವನ್ನ ಆಟಕ್ಕೆ ಸೇರಿಸಿತು. ಆಮೇಲೆ ಕೊರಿಯಾದ ಪರಂಪರೆ ಉಳಿಸೋಕೆ ದುಡ್ಡು ಕೊಡ್ತಾ ಬಂತು. ಆ ದುಡ್ಡಿನಿಂದಲೇ, ಅಮೆರಿಕದ ವರ್ಜೀನಿಯಾದ ಒಂದು ಮ್ಯೂಸಿಯಂನಲ್ಲಿದ್ದ ಜೋಸನ್ ರಾಜವಂಶದ ಕಾಲದ ದೊಡ್ಡ ಬೌದ್ಧ ಚಿತ್ರ ಕೊರಿಯಾಕ್ಕೆ ವಾಪಸ್ ಬಂತು. ಆ ಸುದ್ದಿ 2014ರ ಜನವರಿಯಲ್ಲಿ ಹೊರಬಿತ್ತು. ಬುದ್ಧನ ಚಿತ್ರವನ್ನ ತವರಿಗೆ ತಂದದ್ದು ಗೇಮ್ ಕಂಪನಿ! ನಮ್ಮ ದೇಶದ ವಿಗ್ರಹಗಳು ಹೊರಗಿನ ಮ್ಯೂಸಿಯಂಗಳಿಂದ ವಾಪಸ್ ಬರೋಕೆ ಎಷ್ಟು ಪತ್ರ, ಎಷ್ಟು ಕೋರ್ಟು ಅಂತ ಗೊತ್ತಿದ್ದವರಿಗೆ ಇದರ ಬೆಲೆ ಅರ್ಥವಾಗುತ್ತೆ.

ಆದರೆ ಮೈದಾನ ಬೇರೆಯವರದ್ದಾದರೆ ಪೇಚಿಗೂ ಸಿಕ್ಕಿಕೊಳ್ಳಬೇಕಾಗುತ್ತೆ. ಸ್ಟಾರ್‌ಕ್ರಾಫ್ಟ್ ಪಂದ್ಯಗಳನ್ನ ಟಿವಿಯಲ್ಲಿ ತೋರಿಸುವ ಹಕ್ಕು ಯಾರದ್ದು ಅಂತ ಕೊರಿಯಾದ ಇ-ಸ್ಪೋರ್ಟ್ಸ್ ಸಂಘಕ್ಕೂ ಬ್ಲಿಝಾರ್ಡ್‌ಗೂ ದೊಡ್ಡ ಜಗಳ ಆಗಿ, 2011ರಲ್ಲಿ ರಾಜಿಯಾಯ್ತು. ಫುಟ್‌ಬಾಲ್ ಆಡೋಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಇಲ್ಲಿ ಬೇಕು. ಇ-ಸ್ಪೋರ್ಟ್ಸ್ ಅನ್ನ ರಾಜತಾಂತ್ರಿಕತೆಗೆ ಬಳಸ್ತೀವಿ ಅಂತ ಹೊರಡುವ ಸರ್ಕಾರಗಳು ಈ ಒಂದು ಮಾತನ್ನ ಸಾಮಾನ್ಯವಾಗಿ ಭಾಷಣದಲ್ಲಿ ಎತ್ತೋದಿಲ್ಲ.

ಕೆ-ಪಾಪ್, ಕೆ-ಡ್ರಾಮಾ ಮುಂದೆ ಈ ಗೇಮ್ ಎಲ್ಲ ಯಾವ ಲೆಕ್ಕ ಬಿಡಿ!
– ಪದವಿ ವಿದ್ಯಾರ್ಥಿನಿ, ಮಂಗಳೂರು

ಲೆಕ್ಕವನ್ನೇ ಕೇಳಿದ್ರಲ್ಲ, ಹೇಳ್ತೀನಿ. ಹಾಡು, ಧಾರಾವಾಹಿ, ಸಿನಿಮಾ, ವೆಬ್‌ಟೂನ್ (ಆನ್‌ಲೈನ್ ಚಿತ್ರಕಥೆ), ಗೇಮ್ ಎಲ್ಲ ಸೇರಿಸಿ ಕೊರಿಯಾ ಮಾಡುವ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಗೇಮ್‌ನದ್ದೇ. ಹಾಡಿನವರಿಗೆ ಹೆಸರು, ಗೇಮಿನವರಿಗೆ ದುಡ್ಡು.

ಮಕ್ಕಳ ಚಟದ ಬಗ್ಗೆ ಆ ಸರ್ಕಾರಕ್ಕೆ ಯೋಚನೆಯೇ ಇಲ್ಲವಾ? ಹೊರಗೆ ಹೆಸರು ಬಂದರೆ ಸಾಕಾ?
– ಇಬ್ಬರು ಮಕ್ಕಳ ತಾಯಿ, ಮೈಸೂರು

ಇದೆ ತಾಯಿ. ಎಷ್ಟಿದೆ ಅಂದ್ರೆ ಒಂದೇ ಸರ್ಕಾರದ ಎರಡು ಸಚಿವಾಲಯಗಳು ವರ್ಷಗಟ್ಟಲೆ ಕಿತ್ತಾಡಿವೆ. 2011ರಲ್ಲಿ 'ಶಟ್‌ಡೌನ್ ಕಾಯ್ದೆ' ಅಂತ ತಂದರು. 16 ವರ್ಷದೊಳಗಿನ ಮಕ್ಕಳು ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಆನ್‌ಲೈನ್ ಗೇಮ್ ಆಡುವ ಹಾಗಿಲ್ಲ. ಮಹಿಳೆ ಮತ್ತು ಕುಟುಂಬದ ಸಚಿವಾಲಯ ಇದರ ಹಿಂದಿತ್ತು. ಅತ್ತ ಸಂಸ್ಕೃತಿ ಸಚಿವಾಲಯ ಅದೇ ಗೇಮನ್ನ ಹೊರಗೆ ಮಾರೋಕೆ ಓಡಾಡ್ತಾ ಇತ್ತು.

ಇವೆರಡೂ ಮುಖಾಮುಖಿ ಡಿಕ್ಕಿ ಹೊಡೆದ ಒಂದು ರಾತ್ರಿ ಇದೆ. 2012ರಲ್ಲಿ ಫ್ರಾನ್ಸಿನವರು ಸ್ಟಾರ್‌ಕ್ರಾಫ್ಟ್ 2ರ ಆನ್‌ಲೈನ್ ಟೂರ್ನಿ ನಡೆಸ್ತಾ ಇದ್ದರು. ಹದಿನೈದು ವರ್ಷದ ಕೊರಿಯನ್ ಹುಡುಗ, ಭಾರೀ ಪ್ರತಿಭೆ, ಅರ್ಹತಾ ಪಂದ್ಯ ಆಡ್ತಾ ಇದ್ದ. ಯುರೋಪಿನ ಗಡಿಯಾರದ ಪ್ರಕಾರ ಅದು ಸಂಜೆ, ಸೋಲ್‌ನಲ್ಲಿ ಮಧ್ಯರಾತ್ರಿ ಹತ್ತಿರ. ಆಟದ ಮಧ್ಯೆ ಹುಡುಗನಿಗೆ ನೆನಪಾಯ್ತು, ಇನ್ನು ಸ್ವಲ್ಪ ಹೊತ್ತಿಗೆ ಕಾನೂನು ತನ್ನನ್ನ ಆಟದಿಂದ ಹೊರಗೆ ಹಾಕುತ್ತೆ ಅಂತ. ಚಾಟ್‌ನಲ್ಲಿ ಹಾಗಂತ ಬರೆದು, ಗಡಿಬಿಡಿಯಲ್ಲಿ ಮುನ್ನುಗ್ಗಿ, ಆ ಗೇಮ್ ಸೋತ. ಜಗತ್ತೇ ನೋಡ್ತಾ ಇತ್ತು. ಅದಾದಮೇಲೆ ಬೇರೆ ಅಕೌಂಟಿನಿಂದ ಬಂದು ಆಟ ಮುಂದುವರಿಸಿದ.

ಬೇರೆ ಮಕ್ಕಳೂ ಹಾಗೇ ಮಾಡಿದರು, ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಒಳಗೆ ಹೋದರು. ಜೊತೆಗೆ ಆಟವೆಲ್ಲ ಮೊಬೈಲ್‌ಗೆ ಬಂತು, ಕಾಯ್ದೆ ಹೆಚ್ಚಾಗಿ ಕಂಪ್ಯೂಟರಿನ ಆಟಕ್ಕಷ್ಟೇ ತಾಗುತ್ತಿತ್ತು. 2021ರಲ್ಲಿ ರದ್ದು ಮಾಡೋಣ ಅಂತ ತೀರ್ಮಾನಿಸಿ 2022ರ ಜನವರಿಯಿಂದ ಕೈಬಿಟ್ಟರು. ಈಗ ತಂದೆತಾಯಿ ಮತ್ತು ಮಗು ಕೂಡಿ ಸಮಯ ಗೊತ್ತುಮಾಡಿಕೊಳ್ಳುವ ವ್ಯವಸ್ಥೆ ಇದೆ. ಚೀನಾ ಮಾತ್ರ 2021ರಲ್ಲೇ ಇದರ ಉಲ್ಟಾ ಹೋಗಿ, 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜೆ ದಿನ ರಾತ್ರಿ 8ರಿಂದ 9, ಅಷ್ಟೇ ಆಟ ಅಂತ ಮಾಡಿತು. ಎರಡು ವರ್ಷ ಕಳೆದು ಅದೇ ಚೀನಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕ ಇಟ್ಟು ತಾನೇ ಆತಿಥ್ಯ ವಹಿಸಿತು. ಮನೆಯೊಳಗೊಂದು ನಿಯಮ, ನೆಂಟರ ಮುಂದೆ ಇನ್ನೊಂದು.

ಗೇಮ್ ಚಟವನ್ನ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿದಾಗಲೂ ಕೊರಿಯಾದ ಆರೋಗ್ಯ ಸಚಿವಾಲಯ ಸರಿ ಅಂದಿತು, ಸಂಸ್ಕೃತಿ ಸಚಿವಾಲಯ ಬೇಡ ಅಂದಿತು. ನಿಮ್ಮ ಆತಂಕ ಅಲ್ಲಿನ ತಾಯಂದಿರಿಗೂ ಇದೆ ಅಂತ ಹೇಳೋಕೆ ಇಷ್ಟು ಬರೆದೆ.

ಎರಡು ದೇಶಗಳ ನಡುವೆ ನಿಜವಾದ ಜಗಳ ಬಂದಾಗ ಈ ಆಟದ ಸ್ನೇಹ ಏನಾದ್ರೂ ಕೆಲಸಕ್ಕೆ ಬರುತ್ತಾ?
– ರಾಜ್ಯಶಾಸ್ತ್ರ ಎಂ.ಎ. ವಿದ್ಯಾರ್ಥಿ, ಧಾರವಾಡ

ಜಗಳ ಬಿಡಿಸೋಕೆ ಬರಲ್ಲ. ಜಗಳದ ಕಾಲದಲ್ಲೂ ಬಾಗಿಲು ಪೂರ್ತಿ ಮುಚ್ಚದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ.

2016ರಲ್ಲಿ ಕೊರಿಯಾ ತನ್ನ ನೆಲದಲ್ಲಿ ಅಮೆರಿಕದ 'ಥಾಡ್' ಕ್ಷಿಪಣಿ ನಿರೋಧಕ ವ್ಯವಸ್ಥೆಗೆ ಒಪ್ಪಿಕೊಂಡಿತು. ಚೀನಾ ಕೆಂಡಾಮಂಡಲ. ಕೊರಿಯಾದ ಹಾಡು, ಧಾರಾವಾಹಿಗಳಿಗೆ ಅಲ್ಲಿ ಅಘೋಷಿತ ತಡೆ ಬಿತ್ತು. 2017ರಿಂದ ಸುಮಾರು ನಾಲ್ಕು ವರ್ಷ ಹೊಸ ಕೊರಿಯನ್ ಗೇಮ್‌ಗಳಿಗೆ ಚೀನಾದಲ್ಲಿ ಪರವಾನಗಿಯೇ ಸಿಗಲಿಲ್ಲ, ಮತ್ತೆ ಒಂದಕ್ಕೆ ಸಿಕ್ಕಿದ್ದು 2020ರ ಡಿಸೆಂಬರ್‌ನಲ್ಲಿ. ನೋಡಿ, ಗೇಮ್ ರಫ್ತಿಗೂ ಏಟು ಬಿತ್ತು.

ಆದರೆ ಆಟಗಾರರಿಗೆ? 2018ರ ನವೆಂಬರ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಕೊರಿಯಾದ ಇಂಚೆನ್ ನಗರದಲ್ಲೇ ನಡೀತು. ಅದುವರೆಗೆ ಐದು ವರ್ಷ ಸತತವಾಗಿ ಕಪ್ ಕೊರಿಯಾದ್ದೇ. ಆ ಸಲ ಕೊರಿಯಾದ ತಂಡ ಸೆಮಿಫೈನಲ್‌ಗೂ ಬರಲಿಲ್ಲ. ಗೆದ್ದದ್ದು ಚೀನಾದ ಇನ್‌ವಿಕ್ಟಸ್ ಗೇಮಿಂಗ್, ಚೀನಾಕ್ಕೆ ಈ ಆಟದಲ್ಲಿ ಅದೇ ಮೊದಲ ವಿಶ್ವ ಕಪ್. ಆ ತಂಡದ ಐವರಲ್ಲಿ ಇಬ್ಬರು, 'ದಿ ಶೈ' ಮತ್ತು 'ರೂಕಿ', ಕೊರಿಯಾದವರು. ಕೋಚ್ ಕೂಡ ಕೊರಿಯಾದವರೇ. ಹಾಡುಗಾರರಿಗೆ ಬಾಗಿಲು ಮುಚ್ಚಿದ್ದ ದೇಶದಲ್ಲಿ ಈ ಹುಡುಗರು ಮನೆಮಾತಾಗಿದ್ದರು. ಇದನ್ನ ಯಾವ ಸಚಿವಾಲಯವೂ ಯೋಜನೆ ಹಾಕಿ ಮಾಡಿದ್ದಲ್ಲ. ಚೀನಾದ ತಂಡಗಳು ಜಾಸ್ತಿ ಸಂಬಳ ಕೊಟ್ಟವು, ಇವರು ಹೋದರು.

ನಿಮ್ಮ ಪರೀಕ್ಷೆಗೆ ಸೈದ್ಧಾಂತಿಕ ಉತ್ತರ ಬೇಕಿದ್ದರೆ ಪುಸ್ತಕ ನೋಡಿ. ನನ್ನ ಉತ್ತರ ಇಷ್ಟು: ಸರ್ಕಾರದ ಕೈ ಎಲ್ಲಿ ಕಡಿಮೆ ಕಾಣುತ್ತೋ ಅಲ್ಲಿ ಈ ಸ್ನೇಹ ಜಾಸ್ತಿ ಬಾಳಿಕೆ ಬರುತ್ತೆ.

ಕೊಲ್ಲಿಯಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಈಗ ಸೌದಿಯವರು ಕೊರಿಯಾವನ್ನೂ ಮೀರಿಸ್ತಾ ಇದ್ದಾರೆ ಅಂತ ನಮ್ಮ ಹುಡುಗರು ಹೇಳ್ತಾರೆ. ನಿಜವೇ?
– ಉಡುಪಿ ಮೂಲದ ಓದುಗರು, ದುಬೈ

ದುಡ್ಡಿನಲ್ಲಿ ಖಂಡಿತ. ಸೌದಿಯ ಸರ್ಕಾರಿ ನಿಧಿಯ ಕೈಕೆಳಗಿನ ಸ್ಯಾವಿ ಗೇಮ್ಸ್ 2022ರಲ್ಲಿ ಇಎಸ್ಎಲ್ ಮತ್ತು ಫೇಸ್‌ಇಟ್ ಎಂಬ ಎರಡು ದೊಡ್ಡ ಟೂರ್ನಿ ಸಂಸ್ಥೆಗಳನ್ನ 150 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ರಾಷ್ಟ್ರೀಯ ಗೇಮಿಂಗ್ ಮತ್ತು ಇ-ಸ್ಪೋರ್ಟ್ಸ್ ಕಾರ್ಯತಂತ್ರ ಘೋಷಣೆಯಾಯ್ತು. 2024ರಲ್ಲಿ ರಿಯಾದ್‌ನಲ್ಲಿ ಮೊದಲ ಇ-ಸ್ಪೋರ್ಟ್ಸ್ ವಿಶ್ವಕಪ್, ಒಟ್ಟು ಬಹುಮಾನ 6 ಕೋಟಿ ಡಾಲರ್. 2025ರಲ್ಲಿ ಅಮೆರಿಕದ ಗೇಮ್ ದೈತ್ಯ ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನ ಪಾಲುದಾರರ ಜೊತೆ ಸೇರಿ 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ. ಬೇರೆಯವರ ಮೈದಾನ ಅನ್ನೋ ಕೊರಿಯಾದ ತೊಂದರೆಗೆ ಸೌದಿ ಕಂಡುಕೊಂಡ ಪರಿಹಾರ ಸರಳ. ಮೈದಾನವನ್ನೇ ಕೊಂಡುಬಿಡೋದು.

ಆದರೆ ಹೆಸರು ಹಾಗೆ ಖರೀದಿಗೆ ಸಿಗಲ್ಲ. 2020ರ ಜುಲೈಯಲ್ಲಿ ಯುರೋಪಿನ ಲೀಗ್ ಆಫ್ ಲೆಜೆಂಡ್ಸ್ ಲೀಗ್, ಸೌದಿಯ ನಿಯೋಮ್ ನಗರ ಯೋಜನೆಯ ಪ್ರಾಯೋಜಕತ್ವ ಘೋಷಿಸಿತು. ಮಾನವ ಹಕ್ಕುಗಳ ವಿಷಯ ಎತ್ತಿ ಅಭಿಮಾನಿಗಳು ತಿರುಗಿಬಿದ್ದರು. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಲೀಗಿನದೇ ಕಾಮೆಂಟ್ರಿಯವರು ನಾವು ಕೆಲಸ ಮಾಡಲ್ಲ ಅಂದರು. ಒಂದೇ ದಿನದಲ್ಲಿ ಒಪ್ಪಂದ ರದ್ದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಜೊತೆ 2024ರಲ್ಲಿ 12 ವರ್ಷದ ಒಪ್ಪಂದ ಆಯ್ತು, ಒಲಿಂಪಿಕ್ ಇ-ಸ್ಪೋರ್ಟ್ಸ್ ಕೂಟ ಸೌದಿಯಲ್ಲೇ ಅಂತ. ಅದೂ 2025ರ ಅಕ್ಟೋಬರ್‌ನಲ್ಲಿ ಮುರಿದುಬಿತ್ತು.

ರಿಯಾದ್‌ನ ಮೊದಲ ವಿಶ್ವಕಪ್‌ನಲ್ಲಿ ಲೀಗ್ ಆಫ್ ಲೆಜೆಂಡ್ಸ್ ಗೆದ್ದದ್ದು ಯಾರು ಗೊತ್ತಾ? ಕೊರಿಯಾದ ಟಿ1 ತಂಡ. ವೇದಿಕೆ ಸೌದಿಯದ್ದು, ಚಪ್ಪಾಳೆ ಕೊರಿಯಾಕ್ಕೆ.

ಫೇಕರ್ ಫೇಕರ್ ಅಂತಾರಲ್ಲ, ಯಾರವನು?
– ಮೆಡಿಕಲ್ ಶಾಪ್ ಮಾಲೀಕರು, ತುಮಕೂರು

ಲೀ ಸಾಂಗ್-ಹ್ಯೊಕ್, 1996ರಲ್ಲಿ ಹುಟ್ಟಿದವರು, ಮೇಲೆ ಹೇಳಿದ ಟಿ1 ತಂಡದ ನಾಯಕ. ಲೀಗ್ ಆಫ್ ಲೆಜೆಂಡ್ಸ್ ವಿಶ್ವ ಚಾಂಪಿಯನ್‌ಷಿಪ್ ಆರು ಸಲ ಗೆದ್ದಿದ್ದಾರೆ: 2013, 2015, 2016, 2023, 2024, 2025. 2023ರ ಫೈನಲ್ ಸೋಲ್‌ನ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದಾಗ ಟಿಕೆಟ್ ಸಿಗದ ಸಾವಿರಾರು ಜನ ನವೆಂಬರ್ ಚಳಿಯಲ್ಲಿ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ದೊಡ್ಡ ಪರದೆ ಮುಂದೆ ಕೂತು ಕೂಗಿದರು. ಕೊರಿಯನ್ ಲಿಪಿಯನ್ನು ಕೊಟ್ಟ ಸೆಜೊಂಗ್ ದೊರೆಯ ಪ್ರತಿಮೆ ಇರುವ ಚೌಕ ಅದು. ಅದಕ್ಕೆ ಸೋಲ್ ನಗರಾಡಳಿತವೂ ಕೈಜೋಡಿಸಿತ್ತು. ನೀತಿ ಅಂದ್ರೆ ಕೆಲವೊಮ್ಮೆ ಇಷ್ಟೇ, ಸರಿಯಾದ ಜಾಗದಲ್ಲಿ ಒಂದು ಪರದೆ.

ನಮ್ಮಲ್ಲಿ ಯಾಕೆ ಆಗಲ್ಲ? ನಮ್ಮ ಹಾಸ್ಟೆಲ್‌ನಲ್ಲೇ ನಾಲ್ಕು ಬಿಜಿಎಂಐ (ಮೊಬೈಲ್ ಗೇಮ್) ತಂಡ ಇವೆ.
– ಪಿಯುಸಿ ವಿದ್ಯಾರ್ಥಿ, ದಾವಣಗೆರೆ

ಹುಡುಗರ ಕೊರತೆ ಇಲ್ಲಪ್ಪ, ಅದು ಗೊತ್ತು. ಕೊರತೆ ಇರೋದು ನಾಳೆ ಏನು ಅನ್ನೋ ಭರವಸೆಯದ್ದು.

ನೀನು ಆಡುವ ಗೇಮಿನ ಚರಿತ್ರೆಯನ್ನೇ ನೋಡು. ಚೀನಾ ಜೊತೆ ಗಾಲ್ವಾನ್ ಘರ್ಷಣೆ ಆದಮೇಲೆ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಗೇಮ್ ಕೊರಿಯಾದ ಕ್ರಾಫ್ಟನ್‌ನದ್ದು, ಆದರೆ ಇಲ್ಲಿ ಅದನ್ನ ಹಂಚುತ್ತಿದ್ದದ್ದು ಚೀನಾದ ಟೆನ್ಸೆಂಟ್. ಕ್ರಾಫ್ಟನ್ ಆ ಹಕ್ಕನ್ನ ವಾಪಸ್ ತಗೊಂಡು, ಭಾರತಕ್ಕೇ ಬೇರೆ ಆವೃತ್ತಿ ಮಾಡಿ, ರಕ್ತದ ಬಣ್ಣ ಬದಲಿಸಿ, 18ರೊಳಗಿನವರಿಗೆ ದಿನಕ್ಕೆ 3 ಗಂಟೆ ಮಿತಿ ಹಾಕಿ 2021ರ ಜುಲೈಯಲ್ಲಿ ಬಿಜಿಎಂಐ ಬಿಟ್ಟಿತು. 2022ರಲ್ಲಿ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಇದರ ಟೂರ್ನಿ ನೇರ ಪ್ರಸಾರ ಆಯ್ತು, ಟಿವಿಯಲ್ಲಿ, ಕ್ರಿಕೆಟ್ ಬರುವ ಚಾನೆಲ್ಲಿನಲ್ಲಿ! ಫೈನಲ್ ಮುಗಿದು ಎರಡು ವಾರ ಆಗಿರಲಿಲ್ಲ, ಜುಲೈ ಕೊನೆಯಲ್ಲಿ ಗೇಮ್ ಮತ್ತೆ ಮಾಯ. 2023ರ ಮೇನಲ್ಲಿ ಮೂರು ತಿಂಗಳ ಪ್ರಯೋಗ ಅಂತ ವಾಪಸ್ ಬಂತು. ಹೀಗೆ ಇವತ್ತು ಇದ್ದು ನಾಳೆ ಇಲ್ಲ ಅನ್ನೋ ಆಟದ ಮೇಲೆ ಯಾವ ಅಪ್ಪ ಮಗನ ಭವಿಷ್ಯ ಇಡ್ತಾನೆ, ಯಾವ ಕಾಲೇಜು ತಂಡ ಕಟ್ಟುತ್ತೆ ಹೇಳು.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಅನ್ನ ಕ್ರೀಡಾ ಇಲಾಖೆಗೆ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡುವ ಆಟಗಳನ್ನ ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಬೇರೆಯೇ ಮಾನ್ಯತೆ ಕೊಟ್ಟಿದೆ. ಜೂಜು ಬೇರೆ, ಪಂದ್ಯ ಬೇರೆ ಅಂತ ಕಾನೂನೇ ಹೇಳಿದ್ದು ಒಳ್ಳೆಯದಾಯ್ತು. ಇಲ್ಲದಿದ್ದರೆ ನಿನ್ನ ಆಟವನ್ನೂ ರಮ್ಮಿಯನ್ನೂ ಒಂದೇ ಬಾಯಲ್ಲಿ ಬೈಯುತ್ತಿದ್ದರು. ಕರ್ನಾಟಕವೂ 2024ರಲ್ಲಿ ಐದು ವರ್ಷಕ್ಕೆ ಅನಿಮೇಷನ್, ಗೇಮಿಂಗ್ ಎಲ್ಲ ಸೇರಿದ ಹೊಸ ನೀತಿ ತಂದಿದೆ. ಕ್ರಾಫ್ಟನ್‌ನ ಭಾರತದ ಕಚೇರಿ ಇರೋದೂ ಬೆಂಗಳೂರಿನಲ್ಲೇ. ಕೊರಿಯಾದ ರಾಯಭಾರ ಕಚೇರಿಯ ಹೆಸರು ಕೇಳದ ನಿನ್ನ ಹಾಸ್ಟೆಲ್ ಗೆಳೆಯರಿಗೂ ಕ್ರಾಫ್ಟನ್ ಗೊತ್ತಲ್ವಾ? ಕೊರಿಯಾದ ನೀತಿ ದಾವಣಗೆರೆಗೆ ತಲುಪಿದ್ದು ಹೀಗೆ.

ನಮ್ಮವರು ಪದಕದ ಮಾತು ಬೇಗ ಆಡ್ತಾರೆ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ನಮ್ಮ ಲೀಗ್ ಆಫ್ ಲೆಜೆಂಡ್ಸ್ ತಂಡ ಕ್ವಾರ್ಟರ್ ಫೈನಲ್‌ನಲ್ಲಿ ವಿಯೆಟ್ನಾಂಗೆ ಸೋತು ಬಂತು. ಅದರಲ್ಲಿ ನಾಚಿಕೆ ಏನಿಲ್ಲ, ವಿಯೆಟ್ನಾಂನಲ್ಲಿ ಆ ಆಟದ ಲೀಗ್ ಎಷ್ಟೋ ವರ್ಷದಿಂದ ನಡೀತಾ ಇದೆ. ನನ್ನನ್ನ ಕೇಳಿದರೆ ಮೊದಲು ಬೇಕಾಗಿರೋದು ಜಿಲ್ಲಾ ಮಟ್ಟದ ಕಾಲೇಜು ಲೀಗ್. ವರ್ಷಾವರ್ಷ ಅದೇ ತಿಂಗಳು ನಡೆಯುವಂಥದ್ದು, ಕನ್ನಡದಲ್ಲಿ ಕಾಮೆಂಟ್ರಿ ಇರುವಂಥದ್ದು. ಕಬಡ್ಡಿಗೆ ಕನ್ನಡ ಕಾಮೆಂಟ್ರಿ ಕೇಳಿ ಖುಷಿಪಟ್ಟವರು ಇದನ್ನೂ ಕೇಳ್ತಾರೆ. ರಾಯಭಾರಿಗಳನ್ನ ಕರೆದು ಫೋಟೋ ತೆಗೆಸಿಕೊಳ್ಳೋದು ಆಮೇಲಿನ ಮಾತು. ಮತ್ತೆ, ಪರೀಕ್ಷೆ ಯಾವಾಗ?

ನನಗೆ 41. ಆಡೋಕೆ ತಡವಾಯ್ತಾ?
– ಬಸ್ ಕಂಡಕ್ಟರ್, ಹಾವೇರಿ

ಹ್ಯಾಂಗ್‌ಝೌನಲ್ಲಿ ಸ್ಟ್ರೀಟ್ ಫೈಟರ್ 5 ಅನ್ನೋ ಹೊಡೆದಾಟದ ಗೇಮಿನಲ್ಲಿ ಕೊರಿಯಾಕ್ಕೆ ಚಿನ್ನ ತಂದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ. ನಾಣ್ಯ ಹಾಕಿ ಆಡುವ ಗೇಮ್ ಅಂಗಡಿಗಳಲ್ಲಿ ಬೆಳೆದ ತಲೆಮಾರಿನವರು. ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರಿಗೆ ಆ ದೇಶದಲ್ಲಿ ಹದಿನೆಂಟು ತಿಂಗಳ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿ ಇದೆ, ಲೀಗ್ ಆಫ್ ಲೆಜೆಂಡ್ಸ್ ಗೆದ್ದ ಹುಡುಗರಿಗೆ ಅದು ಸಿಕ್ಕಿತು ಕೂಡ. ಇವರಿಗೆ ಮಾತ್ರ ಅದರಿಂದ ಒಂದು ಪೈಸೆ ಪ್ರಯೋಜನ ಇಲ್ಲ, ಆ ವಯಸ್ಸು ಯಾವತ್ತೋ ದಾಟಿತ್ತು. ನಿಮಗಿನ್ನೂ ಮೂರು ವರ್ಷ ಇದೆ, ಶುರು ಮಾಡಿ. ಡ್ಯೂಟಿ ಮುಗಿದಮೇಲೆ.